‘ಪ್ಯಾರಬೆನ್ ಮುಕ್ತ’ ಎಂದಿದ್ದರೆ ಸಾಕೇ? ಬಾಟಲಿ ತಿರುಗಿಸಿ ನೋಡಿ

ಶಾಂಪೂ, ಕ್ರೀಮು ಕೊಳ್ಳಲು ಹೋದವರ ಕಣ್ಣು ಈಗ ಮೊದಲು ಹುಡುಕುವುದು ‘ಪ್ಯಾರಬೆನ್ ಮುಕ್ತ’ ಎಂಬ ಹಸಿರು ಮುದ್ರೆಯನ್ನು. ಅದು ಕಂಡರೆ ಮುಗಿಯಿತು, ಬಾಟಲಿ ಬುಟ್ಟಿಗೆ ಬೀಳುತ್ತದೆ. ಹಿಂಬದಿಯ ಸಣ್ಣ ಅಕ್ಷರ ಓದುವವರು ವಿರಳ. ಮನೆಗೆ ತಂದ ಮೇಲೆ ಅದೇ ಬಾಟಲಿಗೆ ನೀರು ಬೆರೆಸಿ ವಾರಗಟ್ಟಲೆ ಬಚ್ಚಲುಮನೆಯಲ್ಲಿ ಇಡುವವರಿಗೂ ಕಡಿಮೆಯಿಲ್ಲ. ಚರ್ಮಕ್ಕೂ ಕಣ್ಣಿಗೂ ಪ್ಯಾರಬೆನ್‌ಗಿಂತ ಈ ಎರಡು ಅಭ್ಯಾಸಗಳಿಂದಲೇ ಅಪಾಯ ಹೆಚ್ಚು.

ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಸಂರಕ್ಷಕಗಳ ಒಂದು ಗುಂಪೇ ಪ್ಯಾರಬೆನ್. ಇದರ ಬಗ್ಗೆ ಭಯ ಹಬ್ಬಿದ್ದು 2004ರಲ್ಲಿ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪಾ ಡಾರ್ಬ್ರೆ ಮತ್ತು ಸಂಗಡಿಗರು 20 ಸ್ತನ ಗಡ್ಡೆಗಳ ಮಾದರಿ ಪರೀಕ್ಷಿಸಿ, ಅವುಗಳಲ್ಲಿ ಪ್ಯಾರಬೆನ್ ಕಂಡಿದೆ ಎಂದು ವರದಿ ಮಾಡಿದರು. ಆರೋಗ್ಯವಾಗಿರುವ ಅಂಗಾಂಶದಲ್ಲಿ ಎಷ್ಟಿದೆ ಎಂಬ ಹೋಲಿಕೆ ಅದರಲ್ಲಿರಲಿಲ್ಲ. ಕ್ಯಾನ್ಸರಿಗೆ ಇದೇ ಕಾರಣ ಎಂಬುದೂ ಅದರಿಂದ ಸಾಬೀತಾಗಲಿಲ್ಲ. ಆದರೆ ಬಾಯಿಂದ ಬಾಯಿಗೆ ಹರಡುವಷ್ಟರಲ್ಲಿ ಸುದ್ದಿ ‘ಪ್ಯಾರಬೆನ್ ಹಚ್ಚಿದರೆ ಕ್ಯಾನ್ಸರ್’ ಎಂದಾಯಿತು.

ಹಾಗೆಂದು ಆತಂಕಕ್ಕೆ ಬುಡವೇ ಇಲ್ಲವೆಂದಲ್ಲ. ಪ್ಯಾರಬೆನ್‌ಗಳು ದೇಹದಲ್ಲಿ ಈಸ್ಟ್ರೋಜೆನ್ ಹಾರ್ಮೋನಿನಂತೆ ತುಸು ವರ್ತಿಸಬಲ್ಲವು. ತುಸು ಎಂದರೆ ಎಷ್ಟು? 1998ರಲ್ಲಿ ಪ್ರಕಟವಾದ ಯೀಸ್ಟ್ ಪರೀಕ್ಷೆಯೊಂದರಲ್ಲಿ, ಪರೀಕ್ಷಿಸಿದ ಪ್ಯಾರಬೆನ್‌ಗಳ ಪೈಕಿ ಹೆಚ್ಚು ಪ್ರಬಲವೆನಿಸಿದ ಬ್ಯೂಟೈಲ್‌ಪ್ಯಾರಬೆನ್ ಕೂಡ ಸಹಜ ಹಾರ್ಮೋನಿಗಿಂತ 10,000 ಪಟ್ಟು ದುರ್ಬಲವಾಗಿತ್ತು. ಉಳಿದವು ಅದಕ್ಕಿಂತಲೂ ದುರ್ಬಲ. ಆದ್ದರಿಂದ ಎಲ್ಲ ಪ್ಯಾರಬೆನ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಮೊದಲ ಹೆಜ್ಜೆ: ಹೆಸರು ಗುರುತಿಸುವುದು. ಬಾಟಲಿ ತಿರುಗಿಸಿ ಪದಾರ್ಥಗಳ ಪಟ್ಟಿ ಹುಡುಕಬೇಕು. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳು ಪ್ರಮಾಣದ ಇಳಿಕೆ ಕ್ರಮದಲ್ಲಿರುತ್ತವೆ, ಅದಕ್ಕಿಂತ ಕಡಿಮೆ ಇರುವವು ಯಾವ ಕ್ರಮದಲ್ಲಾದರೂ ಇರಬಹುದು. ಸಂರಕ್ಷಕಗಳ ಪ್ರಮಾಣ ಕಡಿಮೆಯಾದ್ದರಿಂದ ಅವು ಸಿಗುವುದು ಪಟ್ಟಿಯ ಕೊನೆಯ ಸಾಲುಗಳಲ್ಲೇ. ಮೀಥೈಲ್, ಈಥೈಲ್, ಪ್ರೊಪೈಲ್, ಬ್ಯೂಟೈಲ್ – ಈ ನಾಲ್ಕರಲ್ಲಿ ಒಂದು ‘ಪ್ಯಾರಬೆನ್’ಗೆ ಅಂಟಿಕೊಂಡು ಬಂದರೆ ಅದೇ. ತೀರಾ ಚಿಕ್ಕ ಪೊಟ್ಟಣಗಳಿಗೆ, ಅಂದರೆ 60 ಮಿಲಿಲೀಟರ್‌ಗಿಂತ ಕಡಿಮೆಯ ದ್ರವ, 30 ಗ್ರಾಂಗಿಂತ ಕಡಿಮೆಯ ಕ್ರೀಮುಗಳಿಗೆ ಪಟ್ಟಿ ಮುದ್ರಿಸುವ ಕಡ್ಡಾಯ ನಮ್ಮಲ್ಲಿಲ್ಲ. ಒಳಗೇನಿದೆ ಎಂದು ತಿಳಿಯಬೇಕಾದವರು ಸ್ಯಾಶೆ ಬಿಟ್ಟು ದೊಡ್ಡ ಬಾಟಲಿಯನ್ನೇ ನೋಡಬೇಕು.

ಮೀಥೈಲ್, ಈಥೈಲ್ ಕಂಡರೆ ಗಾಬರಿ ಬೇಡ. ಐರೋಪ್ಯ ಒಕ್ಕೂಟದ ನಿಯಮ ಇವನ್ನು ಒಂದೊಂದಾದರೆ ಶೇ 0.4ರವರೆಗೆ ಒಪ್ಪುತ್ತದೆ. ಪ್ರೊಪೈಲ್, ಬ್ಯೂಟೈಲ್ ಎರಡೂ ಸೇರಿ ಶೇ 0.14 ಮೀರುವಂತಿಲ್ಲ ಎಂದು 2014ರಲ್ಲಿ ಗೊತ್ತುಮಾಡಿತು. ಮೂರು ವರ್ಷದೊಳಗಿನ ಮಕ್ಕಳ ಡಯಾಪರ್ ಜಾಗಕ್ಕೆ ಹಚ್ಚಿ ಬಿಡುವ ಕ್ರೀಮುಗಳಲ್ಲಿ ಈ ಎರಡನ್ನೂ ನಿಷೇಧಿಸಿತು. ಆ ಜಾಗದ ಚರ್ಮ ಕೆರೆದು ಕೆಂಪಾಗಿರುತ್ತದೆ, ಮೇಲೆ ಡಯಾಪರ್ ಬಿಗಿದಿರುತ್ತದೆ. ಹಚ್ಚಿದ್ದು ಹೆಚ್ಚು ಒಳಸೇರುತ್ತದೆ. ಅದೇ ವರ್ಷ ಐಸೊಪ್ರೊಪೈಲ್, ಐಸೊಬ್ಯೂಟೈಲ್ ಸೇರಿ ಇನ್ನೈದು ಬಗೆಯ ಪ್ಯಾರಬೆನ್‌ಗಳನ್ನು ಒಕ್ಕೂಟ ಪೂರ್ತಿ ಕೈಬಿಟ್ಟಿತು. ಭಾರತದ ತಾಯಂದಿರೂ ಹಸುಗೂಸಿನ ಕ್ರೀಮು ಕೊಳ್ಳುವಾಗ ಇಷ್ಟನ್ನು ನೋಡಿಕೊಂಡರೆ ಒಳ್ಳೆಯದು.

ಎರಡನೆಯದು: ಬದಲಿಗೆ ಏನು ಹಾಕಿದ್ದಾರೆ? ನೀರಿರುವ ಯಾವ ಕ್ರೀಮೂ ಸಂರಕ್ಷಕವಿಲ್ಲದೆ ಬಾಳುವುದಿಲ್ಲ. ಪ್ಯಾರಬೆನ್ ತೆಗೆದರೆ ಬೇರೊಂದು ಬರಲೇಬೇಕು. ಹಾಗೆ ಬಂದವುಗಳಲ್ಲಿ ಮೀಥೈಲ್‌ಐಸೊಥಯಾಜೊಲಿನೋನ್ ಒಂದು. ಅದು ಎಷ್ಟು ಜನರಿಗೆ ತುರಿಕೆ, ದದ್ದು ತಂದಿತೆಂದರೆ, ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಘೋಷಿಸಿತು. ಹಚ್ಚಿ ಬಿಡುವ ಪ್ರಸಾಧನಗಳಲ್ಲಿ ಯುರೋಪು 2017ರಿಂದ ಅದನ್ನು ನಿಷೇಧಿಸಿದೆ. ಪ್ಯಾರಬೆನ್ ಅನ್ನು ಮಾತ್ರ ಅದೇ ಸಂಘ 2019ರಲ್ಲಿ ಅಲರ್ಜಿ ತರದ ವಸ್ತುವೆಂದು ಎತ್ತಿ ಹಿಡಿಯಿತು. ಚರ್ಮ ಬೇಗ ಕೆರಳುವವರಿಗೆ ‘ಪ್ಯಾರಬೆನ್ ಮುಕ್ತ’ವೇ ತಪ್ಪು ಆಯ್ಕೆಯಾಗಬಹುದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯ: ನೀರು ಸೇರಿಸಬಾರದು. ಶಾಂಪೂ ತಳ ಮುಟ್ಟಿದಾಗ ನಲ್ಲಿನೀರು ಬಿಟ್ಟು ಅಲ್ಲಾಡಿಸಿ ಇಡುವುದು ಮನೆಮನೆಯ ರೂಢಿ. ಸಂರಕ್ಷಕ ಕೆಲಸ ಮಾಡುವುದು ನಿಗದಿತ ಸಾಂದ್ರತೆಯಲ್ಲಿ ಮಾತ್ರ. ನೀರು ಬೆರೆತರೆ ಅದು ತೆಳುವಾಗುತ್ತದೆ, ಜೊತೆಗೆ ಹೊಸ ಬ್ಯಾಕ್ಟೀರಿಯಾ ಒಳಹೋಗುತ್ತವೆ. ಮುಚ್ಚಳದ ಸುರುಳಿಯೊಳಗೆ ಬೆರಳಾಡಿಸಿದರೆ ಜಾರುವ ಲೋಳೆ ಸಿಕ್ಕಿತೆಂದರೆ ಆ ಬಾಟಲಿಯ ಕತೆ ಮುಗಿಯಿತೆಂದೇ ಅರ್ಥ. ಬೆರೆಸಲೇಬೇಕಿದ್ದರೆ ಅಂದಿನ ಸ್ನಾನಕ್ಕೆ ಬೇಕಾದಷ್ಟನ್ನು ಮಗ್ಗಿನಲ್ಲಿ ಬೆರೆಸಿ, ಉಳಿದದ್ದನ್ನು ಚೆಲ್ಲಬೇಕು.

ಮನೆಯಲ್ಲೇ ತಯಾರಿಸುವ ಲೋಳೆಸರದ ಜೆಲ್ಲಿನದೂ ಇದೇ ಪಾಡು. ಎಲೆ ಸೀಳಿ, ಹಳದಿ ರಸ ಬಸಿದು, ತಿರುಳನ್ನು ಮಿಕ್ಸಿಗೆ ಹಾಕಿ ಡಬ್ಬಿ ತುಂಬಿಸಿ ಫ್ರಿಜ್ಜಿನಲ್ಲಿಟ್ಟು ತಿಂಗಳು ಬಳಸುವವರಿದ್ದಾರೆ. ಕೆಡದಿರಲಿ ಎಂದು ವಿಟಮಿನ್ ಇ ಮಾತ್ರೆ ಒಡೆದು ಹಾಕುವವರೂ ಇದ್ದಾರೆ. ವಿಟಮಿನ್ ಇ ಎಣ್ಣೆಯ ಕಮಟು ತಡೆಯುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಫ್ರಿಜ್ಜು ಬೆಳವಣಿಗೆಯನ್ನು ನಿಧಾನಿಸುತ್ತದೆ ಅಷ್ಟೆ, ನಿಲ್ಲಿಸುವುದಿಲ್ಲ. ಬೂಸ್ಟು ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಜೆಲ್ ಕೆಟ್ಟಿರಬಹುದು. ಅಂದಂದಿಗೆ ಬೇಕಾದಷ್ಟು ಮಾಡಿಕೊಳ್ಳುವುದೇ ಸರಿ. ಶುದ್ಧ ಕೊಬ್ಬರಿ ಎಣ್ಣೆಗೆ ಈ ಚಿಂತೆಯಿಲ್ಲ, ಅದರಲ್ಲಿ ನೀರಿಲ್ಲ.

ಒಣಗಿದ ಮಸ್ಕಾರಾ, ಐಲೈನರಿಗೆ ಪನ್ನೀರು ಹನಿಸಿ ಮತ್ತೆ ಕಣ್ಣಿಗೆ ಹಚ್ಚುವುದಂತೂ ಕೂಡದು. ಕಣ್ಣಿನ ವಿಷಯದಲ್ಲಿ ಬ್ಯಾಕ್ಟೀರಿಯಾ ಏನು ಮಾಡಬಲ್ಲದು ಎಂಬುದನ್ನು 2023ರಲ್ಲಿ ಅಮೆರಿಕ ಕಂಡಿತು. ಚೆನ್ನೈ ಬಳಿಯ ಕಂಪನಿಯೊಂದರಿಂದ ಹೋದ, ಸಂರಕ್ಷಕವಿಲ್ಲದ ಕಣ್ಣಿನ ಹನಿಗಳಿಗೆ ಅಲ್ಲಿನ ಅಧಿಕಾರಿಗಳು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ನಂಟು ಹಚ್ಚಿದರು. 18 ರಾಜ್ಯಗಳಲ್ಲಿ 81 ಮಂದಿಗೆ ಸೋಂಕು ತಗುಲಿ, ನಾಲ್ವರು ಸತ್ತರು, 14 ಮಂದಿ ದೃಷ್ಟಿ ಕಳೆದುಕೊಂಡರು. ಪದೇ ಪದೇ ತೆರೆಯುವ ಬಾಟಲಿಯಲ್ಲಿ ಸಂರಕ್ಷಕ ಇಲ್ಲದಿದ್ದುದನ್ನೂ ಅಲ್ಲಿನ ಔಷಧ ಆಡಳಿತ ದೋಷವೆಂದು ಎತ್ತಿ ತೋರಿಸಿತು.

ಪ್ಯಾರಬೆನ್ ಕಡಿಮೆ ಮಾಡಲೇಬೇಕೆಂದಿದ್ದರೆ ಅದು ಸಾಧ್ಯ. ಕ್ಯಾಲಿಫೋರ್ನಿಯಾದ ಸಲೀನಸ್ ಕಣಿವೆಯ 100 ಹದಿಹರೆಯದ ಹುಡುಗಿಯರು ಮೂರು ದಿನ ಪ್ರಸಾಧನ ಬದಲಿಸಿದಾಗ ಮೂತ್ರದಲ್ಲಿನ ಮೀಥೈಲ್, ಪ್ರೊಪೈಲ್ ಪ್ರಮಾಣ ಶೇ 40ಕ್ಕೂ ಹೆಚ್ಚು ಇಳಿದಿತ್ತು. ಆದರೆ ಈಥೈಲ್, ಬ್ಯೂಟೈಲ್ ಮಾತ್ರ ಏರಿದ್ದವು.

ಇನ್ನು ಆಹಾರ, ಔಷಧ. ಪೊಟ್ಟಣದ ಮೇಲೆ ಐಎನ್‌ಎಸ್ 214 ಅಥವಾ 218 ಎಂದಿದ್ದರೆ ಅದು ಪ್ಯಾರಬೆನ್. ಉಪ್ಪಿನಕಾಯಿ, ಸಾಸ್‌ಗಳಲ್ಲಿ ಕಾಣುವ 211 ಬೇರೆ, ಅದು ಸೋಡಿಯಂ ಬೆಂಜೊಯೇಟ್. ಮೀಥೈಲ್, ಈಥೈಲ್ ಎರಡೂ ಸೇರಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2004ರಲ್ಲಿ ಹೇಳಿತು. ಪ್ರೊಪೈಲ್ ಅನ್ನು ಯುರೋಪು 2006ರಲ್ಲಿ ಆಹಾರದಿಂದ ಹೊರಗಿಟ್ಟಿತು, ಕ್ಯಾಲಿಫೋರ್ನಿಯಾದ ನಿಷೇಧ 2027ರಿಂದ ಜಾರಿ. ಮಕ್ಕಳ ಸಿರಪ್ಪಿನಲ್ಲಿ ಶೇ 0.2ರಷ್ಟು ಮೀಥೈಲ್ ಇದ್ದರೂ 5 ಮಿಲಿಲೀಟರ್‌ನಲ್ಲಿ ಸಿಗುವುದು 10 ಮಿಲಿಗ್ರಾಂ. 12 ಕಿಲೋ ತೂಕದ ಮಗುವಿನ ಮಿತಿ 120. ಪ್ಯಾರಬೆನ್ ಇದೆಯೆಂದು ವೈದ್ಯರು ಬರೆದುಕೊಟ್ಟ ಸಿರಪ್ ನಿಲ್ಲಿಸಬಾರದು. ಅಲರ್ಜಿ ಇರುವುದು ಗೊತ್ತಿದ್ದರೆ ಚೀಟಿ ಬರೆಯುವ ಮೊದಲೇ ಅವರಿಗೆ ಹೇಳಬೇಕು. ಬಾಟಲಿ ತೆರೆದ ದಿನಾಂಕವನ್ನು ಲೇಬಲ್ ಮೇಲೆ ಪೆನ್ನಿನಲ್ಲಿ ಬರೆದಿಡಬೇಕು.