ಪ್ಯಾಕೇಜ್‌ನ ಐಕಾನ್ ಎಲ್ಲಿರಬೇಕು?

ಪ್ರಶ್ನೆ: ನ್ಯೂಗೆಟ್ ಮತ್ತು ಚಾಕೊಲೇಟಿಯಲ್ಲಿರುವ ನನ್ನ ಪ್ಯಾಕೇಜ್‌ಗಳಿಗೆ ಗಿಟ್‌ಹಬ್‌ನ ಮಾಸ್ಟರ್ ಬ್ರಾಂಚ್‌ನಲ್ಲಿರುವ ಐಕಾನ್‌ನ ಲಿಂಕ್ ಕೊಟ್ಟಿದ್ದೇನೆ. ಚಿತ್ರ ಬದಲಿಸಿದರೂ ಕೆಲವರಿಗೆ ಹಳೆಯದೇ ಕಾಣುತ್ತದೆ, ಕೆಲವರಿಗೆ ಏನೂ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಒಂದೇ ವಿಳಾಸದಲ್ಲಿ ಚಿತ್ರ ಬದಲಾದರೆ ಅದು ಕ್ಯಾಶ್‌ಗೆ ತಿಳಿಯುವುದಿಲ್ಲ, ಅವಧಿ ಮುಗಿಯುವ ತನಕ ಹಳೆಯದನ್ನೇ ಕೊಡುತ್ತದೆ. ಫೈಲ್ ಜಾಗ ಬದಲಿಸಿದರಂತೂ ಲಿಂಕೇ ಸತ್ತಂತೆ. ಆದ್ದರಿಂದ ನ್ಯೂಗೆಟ್‌ನಲ್ಲಿ ಐಕಾನನ್ನು ಪ್ಯಾಕೇಜ್ ಒಳಗೇ ಇಡಿ. ಹೊರಗಿನ ಲಿಂಕ್ ಕೊಡುವ ಹಳೆಯ ಪದ್ಧತಿಯನ್ನು ಅಲ್ಲಿ ಕೈಬಿಡಲಾಗುತ್ತಿದೆ. ಪ್ಯಾಕೇಜ್ ಭಾರವಾಗುತ್ತದೆ ಎಂಬ ಆಕ್ಷೇಪ ನಿಲ್ಲದು: ಮಿತಿ 1 ಎಂಬಿ ಇದ್ದರೂ, ಶಿಫಾರಸಾದ 128×128 ಅಳತೆಯ ಪಿಎನ್‌ಜಿ ಸಾಮಾನ್ಯವಾಗಿ ಕೆಲವೇ ಕೆಬಿ. ಐಕಾನ್ ಬದಲಿಸಲು ಹೊಸ ಆವೃತ್ತಿ ಬೇಕಾಗುತ್ತದೆ, ನಿಜ. ಆದರೆ ಯಾವ ಆವೃತ್ತಿಗೆ ಯಾವ ಚಿತ್ರ ಎಂಬುದು ಖಚಿತವಾಗಿರುವುದೇ ನಮಗೆ ಬೇಕಾದದ್ದು.

ಚಾಕೊಲೇಟಿಗೆ ಲಿಂಕ್ ಬೇಕೇ ಬೇಕು. ಅಲ್ಲಿ ಜೆಎಸ್‌ಡೆಲಿವರ್‌ನಂಥ ಸಿಡಿಎನ್ ಬಳಸಿ, ವಿಳಾಸದಲ್ಲಿ ‘@’ ಚಿಹ್ನೆಯ ಮುಂದೆ ಬ್ರಾಂಚ್ ಹೆಸರಿನ ಬದಲು ಕಮಿಟ್ ಹ್ಯಾಶ್ ಬರೆಯಿರಿ. ಚಿತ್ರ ಬದಲಾದಾಗ ವಿಳಾಸವೂ ಬದಲಾಗುವುದರಿಂದ ಹಳೆಯ ಕ್ಯಾಶ್ ಅಡ್ಡ ಬರುವುದಿಲ್ಲ. ಸಿಡಿಎನ್ ಕೂಡ ಶಾಶ್ವತವಲ್ಲ. ಉದಾಹರಣೆಗೆ, ಇಂಥದೇ ಆದ ರಾಗಿಟ್ ಸೇವೆ ನಿಲ್ಲುತ್ತದೆಂದು 2018ರಲ್ಲಿ ಘೋಷಣೆಯಾಯಿತು. ಆದ್ದರಿಂದ ಮೂಲ ಚಿತ್ರ ನಿಮ್ಮ ರೆಪೊಸಿಟರಿಯಲ್ಲೇ ಇರಲಿ.