ಕಾವಿ ಕಾವಿಯಾಗಿಯೇ ಕಾಣಲಿ

ಪುಟ್ಟಿ,

ಮೊನ್ನೆ ಆಲ್ಬಂ ಹಿಡಿದುಕೊಂಡು ಬಂದು ಜಗಲಿ ಮೇಲೆ ಕೂತಾಗ ನಿನ್ನ ಮುಖ ನೋಡಿಯೇ ನನಗೆ ಸಂಗತಿ ತಿಳಿದಿತ್ತು. ‘ದೊಡ್ಡಪ್ಪ, ಸ್ಕ್ರೀನ್ ಮೇಲೆ ಧಾರೆ ಸೀರೆ ಅರಿಶಿನದ ಹಾಗೆ ಹೊಳೀತಿತ್ತು, ಪ್ರಿಂಟಲ್ಲಿ ಕಂದು ಹೊಡೀತಿದೆ. ಲ್ಯಾಬಿನವರು ಕೆಡಿಸಿಬಿಟ್ಟರು’ ಅಂದೆ. ಎರಡು ದಿನ ಛತ್ರದಲ್ಲಿ ನಿಂತು ದಣಿದು ಬಂದವಳಿಗೆ ಆಗಲೇ ಎದುರು ಹೇಳುವುದು ಬೇಡ ಅನ್ನಿಸಿತು. ಈಗ ಹೇಳುತ್ತೇನೆ. ಲ್ಯಾಬಿನ ತಪ್ಪಲ್ಲ ಕಣಮ್ಮ. ನಿನ್ನ ಮಾನಿಟರ್ ತೀರಾ ಬೆಳಕಾಗಿತ್ತು.

ಅಂಗಡಿಯಿಂದ ತಂದ ಮಾನಿಟರ್ ಎಷ್ಟೋ ಸಲ ಚದರ ಮೀಟರಿಗೆ 250, 300 ಕ್ಯಾಂಡೆಲಾ ಬೆಳಕಿನಲ್ಲಿ ಉರಿಯುತ್ತಿರುತ್ತದೆ. ಅಂಗಡಿಯ ದೀಪಗಳ ನಡುವೆ ಎದ್ದು ಕಾಣಲೆಂದು ಅದನ್ನು ಹಾಗಿಟ್ಟಿರುತ್ತಾರೆ. ಫೋಟೊ ತಿದ್ದುವ ಕೋಣೆಗೆ 100ರಿಂದ 120 ಸಾಕು. ಬೆಳಕು ಹೆಚ್ಚಿದ್ದಾಗ ಚಿತ್ರ ಕಣ್ಣಿಗೆ ಕುಕ್ಕುತ್ತದೆ, ನೀನು ಇಳಿಸುತ್ತಾ ಹೋಗುತ್ತೀಯ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಇಳಿಸಿದ್ದು ಇಳಿಸಿದ ಹಾಗೇ ಅಚ್ಚಾಗುತ್ತದೆ. ಹಳದಿಗೆ ಬೆಳಕು ಕಡಿಮೆಯಾದರೆ ಅದು ಕಣ್ಣಿಗೆ ಕಂದಾಗಿ ಕಾಣುತ್ತದೆ. ಆ ಸೀರೆಗೆ ಆಗಿದ್ದು ಇಷ್ಟೇ.

ನಾನೂ ಇದೇ ತಪ್ಪು ಮಾಡಿದವನು. ಫಿಲ್ಮು ಬಿಟ್ಟು ಡಿಜಿಟಲ್‌ಗೆ ಬಂದ ಹೊಸತರಲ್ಲಿ ಗುಬ್ಬಿಯ ಕಡೆಯ ಒಂದು ಮದುವೆಯ ಆಲ್ಬಂ ಪೂರ್ತಿ ಕಪ್ಪು ಹಿಡಿದು ಬಂತು. ಲ್ಯಾಬಿನವರ ಜೊತೆ ಜಗಳವಾಡಿದೆ. ಆಮೇಲೆ ತಪ್ಪು ನನ್ನದೇ ಎಂದು ಗೊತ್ತಾಗಿ, ಕ್ಷಮೆ ಕೇಳಿ, ಸ್ವಂತ ಖರ್ಚಿನಲ್ಲಿ ಇನ್ನೊಮ್ಮೆ ಮಾಡಿಸಿಕೊಟ್ಟೆ. ಹುಡುಗಿಯ ತಂದೆ ಒಂದು ಮಾತೂ ಆಡಲಿಲ್ಲ. ಆ ಮೌನ ಇವತ್ತಿಗೂ ನನಗೆ ನೆನಪಿದೆ.

ಕಣ್ಣಿದೆಯಲ್ಲ, ನೋಡಿ ಸರಿಮಾಡಿಕೊಳ್ಳುತ್ತೇನೆ ಎಂದುಕೊಳ್ಳಬೇಡ. ಕಣ್ಣು ಎಲ್ಲದಕ್ಕೂ ಹೊಂದಿಕೊಂಡುಬಿಡುತ್ತದೆ. ಒಂದು ಸಂಜೆ ಪರದೆಗೆ ಹಳದಿ ಛಾಯೆ ಕೊಡುವ ನೈಟ್ ಲೈಟ್ ಹಾಕಿಕೊಂಡು ಹತ್ತು ನಿಮಿಷ ಕೆಲಸ ಮಾಡಿ ನೋಡು. ಮೊದಲು ಹಳದಿಯಾಗಿ ಕಂಡ ಪುಟ ಸ್ವಲ್ಪ ಹೊತ್ತಿಗೆ ಬಿಳಿಯೆಂದೇ ಅನ್ನಿಸುತ್ತದೆ. ಹೊಸ ಮಾನಿಟರ್‌ಗಳಲ್ಲಿ ಎಷ್ಟೋ ನೀಲಿಯ ಕಡೆಗೆ ವಾಲಿರುತ್ತವೆ. ನಮ್ಮೂರಿನ ತಟ್ಟೆ ಇಡ್ಲಿಯ ಫೋಟೊ ಅದರಲ್ಲಿ ತೆರೆದರೆ ನೀಲಿ ಹಾಕಿ ಒಗೆದ ಪಂಚೆಯ ಬಿಳುಪು ಕಾಣುತ್ತದೆ. ಇಡ್ಲಿಯ ಬಿಳುಪಿನಲ್ಲಿ ಒಂದು ಹನಿ ಕೆನೆಯ ಬಣ್ಣವಿದೆ ಅಂತ ನಿನಗೆ ಗೊತ್ತು, ಅದನ್ನು ತರಲು ಹಳದಿ ಸೇರಿಸುತ್ತೀಯ. ಪ್ರಿಂಟು ಅರಿಶಿನ ಕಾಮಾಲೆ ಹಿಡಿದಂತೆ ಬರುತ್ತದೆ.

ಅದಕ್ಕೇ ಅಳೆಯಬೇಕು ಎನ್ನುವುದು. ತಿಪಟೂರಿನಲ್ಲಿ ಕೊಬ್ಬರಿ ತೂಗುವ ತಕ್ಕಡಿಗೆ ಮಾಪನ ಇಲಾಖೆಯ ಮುದ್ರೆ ಬೇಕೇ ಬೇಕು. ವ್ಯಾಪಾರಿ ಎಷ್ಟೇ ಪ್ರಾಮಾಣಿಕನಾದರೂ ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗುವ ಹಾಗಿಲ್ಲ. ನಮ್ಮ ಕೆಲಸದಲ್ಲಿ ಆ ಮುದ್ರೆ ಒತ್ತುವುದು ಕಲರಿಮೀಟರ್ ಎಂಬ ಅಂಗೈಯಗಲದ ಉಪಕರಣ. ಅದನ್ನು ಪರದೆಗೆ ತಾಗುವಂತೆ ಇಳಿಬಿಟ್ಟರೆ ಸಾಫ್ಟ್‌ವೇರ್ ಒಂದೊಂದೇ ಬಣ್ಣವನ್ನು ತೋರಿಸುತ್ತಾ ಹೋಗುತ್ತದೆ, ಉಪಕರಣ ಓದುತ್ತಾ ಹೋಗುತ್ತದೆ. ಬಿಳುಪು 6500 ಕೆಲ್ವಿನ್, ಗಾಮಾ 2.2, ಬೆಳಕು ಆಗಲೇ ಹೇಳಿದಷ್ಟು. ಸಾಫ್ಟ್‌ವೇರ್ ಈ ಗುರಿಗಳಿಗೆ ಮಾನಿಟರನ್ನು ತಂದು, ಆಮೇಲೂ ಉಳಿದ ವ್ಯತ್ಯಾಸವನ್ನು ಪ್ರೊಫೈಲ್ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಫೋಟೊಶಾಪ್ ಆ ಫೈಲನ್ನು ಓದಿಕೊಂಡು ಬಣ್ಣ ತೋರಿಸುತ್ತದೆ. ಡಿಸ್‌ಪ್ಲೇಕ್ಯಾಲ್ ಎಂಬ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಉಪಕರಣಕ್ಕೆ ದುಡ್ಡು ಬೇಕು ನಿಜ, ಆದರೆ ಒಂದು ಒಳ್ಳೆಯ ಲೆನ್ಸಿಗೆ ಕೊಡುವುದಕ್ಕಿಂತ ಕಡಿಮೆ. ನಿನ್ನಂಥ ನಾಲ್ಕು ಜನ ಸೇರಿ ಒಂದು ಕೊಂಡರೂ ಆಯಿತು. ತಿಂಗಳಿಗೊಮ್ಮೆ ಅಳೆದರೆ ಸಾಕು.

ನಿನ್ನ ಹಳೆಯ ಲ್ಯಾಪ್‌ಟಾಪಿಗೆ ಮಾತ್ರ ಎಷ್ಟು ಅಳೆದರೂ ಪ್ರಯೋಜನವಿಲ್ಲ. ಅಗ್ಗದ ಪರದೆಗಳು ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಭಾಗವನ್ನೂ ತೋರಿಸಲಾರವು. ಇಲ್ಲದ ಬಣ್ಣವನ್ನು ಯಾವ ಉಪಕರಣವೂ ತಂದುಕೊಡುವುದಿಲ್ಲ. ಎಸ್‌ಆರ್‌ಜಿಬಿ ಅಂದರೆ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಸೇರಿ ರೂಪಿಸಿದ ಅಳತೆ. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ನಮ್ಮ ಆಲ್ಬಂ ಲ್ಯಾಬುಗಳು ಸಾಮಾನ್ಯವಾಗಿ ಕೇಳುವುದೂ ಅದನ್ನೇ. ಮುಂದೆ ಮಾನಿಟರ್ ಕೊಳ್ಳುವಾಗ ಐಪಿಎಸ್ ಪರದೆ, ಎಸ್‌ಆರ್‌ಜಿಬಿ ನೂರಕ್ಕೆ ನೂರು, ಇವೆರಡನ್ನು ನೋಡು. ಗೇಮಿಂಗ್ ಮಾನಿಟರ್‌ನ ಥಳಕಿಗೆ ಮರುಳಾಗಬೇಡ.

ಹಾಗಂತ ಬಣ್ಣ ಹೆಚ್ಚು ತೋರಿಸುವುದೆಲ್ಲ ಒಳ್ಳೆಯದು ಎಂದೂ ಅಲ್ಲ. ಎಸ್‌ಆರ್‌ಜಿಬಿಗಿಂತ ಅಗಲದ ಬಣ್ಣ ತೋರಿಸುವ ಮಾನಿಟರ್‌ನಲ್ಲಿ ಪ್ರೊಫೈಲ್ ಇಲ್ಲದೆ ಕೂತರೆ ಕೆಂಪು, ಕೇಸರಿ ಎಲ್ಲ ಹೊತ್ತಿ ಉರಿಯುತ್ತವೆ. ಸಿದ್ಧಗಂಗಾ ಮಠದ ಕಾವಿಯನ್ನೇ ತೆಗೆದುಕೋ. ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಇವತ್ತಿಗೂ ನಮ್ಮ ಕ್ಯಾತ್ಸಂದ್ರದಲ್ಲಿ ಅವರ ಚಿತ್ರವಿಲ್ಲದ ಅಂಗಡಿ ಹುಡುಕಬೇಕು. ಆದರೆ ಆ ಚಿತ್ರಗಳನ್ನು ಸಾಲಾಗಿ ನೋಡಿಕೊಂಡು ಹೋಗು. ಒಂದರಲ್ಲಿ ಕಾವಿ ಕಿತ್ತಳೆ ಹಣ್ಣಿನಂತಿದೆ, ಇನ್ನೊಂದರಲ್ಲಿ ಇಟ್ಟಿಗೆಯಂತಿದೆ, ಮತ್ತೊಂದರಲ್ಲಿ ಬಟ್ಟೆಯ ಮಡಿಕೆಗಳೇ ಕಾಣದೆ ಒಂದೇ ಕೆಂಪು ಮುದ್ದೆಯಾಗಿದೆ. ದಿನವೂ ಆ ಬಟ್ಟೆಯನ್ನು ಕಣ್ಣಾರೆ ನೋಡಿದ ಊರು ಇದು. ನಮ್ಮೂರಿನಲ್ಲೇ ಆ ಬಣ್ಣ ತಪ್ಪಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನು ಮೈಬಣ್ಣ. ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟಿಂಗ್ ಯಂತ್ರ ಸರಿಮಾಡಿಕೊಳ್ಳಲು ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಶರ್ಲಿ ಕಾರ್ಡು ಎನ್ನುತ್ತಿದ್ದರು. ಅದರಲ್ಲಿ ಒಬ್ಬ ಬಿಳಿಯ ಹೆಂಗಸಿನ ಚಿತ್ರ. ಆ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದರ್ಥ. ಬೇರೆ ಬೇರೆ ಮೈಬಣ್ಣದವರಿರುವ ಕಾರ್ಡು ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಯಂತ್ರದ ಕಣ್ಣಿಗೆ ನಾವು ಲೆಕ್ಕಕ್ಕೇ ಇರಲಿಲ್ಲ. ಈಗ ಅಳತೆ ನಿನ್ನ ಕೈಯಲ್ಲಿದೆ. ‘ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಮ್ಮ’ ಎಂದು ಕೇಳುವವರು ಬಂದೇ ಬರುತ್ತಾರೆ. ಗೌರವದಿಂದ, ಆದರೆ ಗಟ್ಟಿಯಾಗಿ, ಆಗುವುದಿಲ್ಲ ಅನ್ನು. ಅವಳ ಮೊಮ್ಮಕ್ಕಳು ಆ ಆಲ್ಬಂ ತೆರೆದಾಗ ಅವರಿಗೆ ತಮ್ಮ ಅಜ್ಜಿಯೇ ಕಾಣಬೇಕು.

ನಿನ್ನ ಕೋಣೆಯದೂ ಒಂದು ಮಾತು. ಗೋಡೆಯ ಆ ಗಿಳಿಹಸಿರು ಬಣ್ಣ ನಿನ್ನ ಕಣ್ಣನ್ನು ಎಳೆಯುತ್ತಿದೆ, ಮಾನಿಟರ್ ಹಿಂದಿನ ಗೋಡೆಗಾದರೂ ಬೂದುಬಣ್ಣ ಹೊಡೆಸು. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕು, ಮಧ್ಯಾಹ್ನದ ಬಿಸಿಲು ನೇರ ಮಾನಿಟರ್ ಮೇಲೆ ಬೀಳುತ್ತದೆ. ಪ್ರಿಂಟನ್ನು ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನ ಮಾಡಬೇಡ. ಬೆಳಗ್ಗೆ ಹತ್ತರ ಹೊತ್ತಿಗೆ ಜಗಲಿಯ ನೆರಳಿಗೆ ತಂದು ನೋಡು. ಲ್ಯಾಬಿನವರ ಹತ್ತಿರ ಅವರ ಕಾಗದದ ಪ್ರೊಫೈಲ್ ಕೇಳಿ ಇಸ್ಕೋ. ಅಚ್ಚಿಗೆ ಕಳಿಸುವ ಮೊದಲೇ ಫೋಟೊಶಾಪಿನ ಸಾಫ್ಟ್ ಪ್ರೂಫ್‌ನಲ್ಲಿ ಆ ಸೀರೆ ಕಾಗದದ ಮೇಲೆ ಹೇಗೆ ಬರುತ್ತದೆ ಎಂದು ಗೊತ್ತಾಗುತ್ತದೆ. ಲ್ಯಾಬಿನವರಿಗೂ ಫೋನ್ ಮಾಡಿ ಒಂದು ಒಳ್ಳೆಯ ಮಾತಾಡು.

ಸೋಮವಾರ ಬೆಳಗ್ಗೆ ನನ್ನ ಕಲರಿಮೀಟರ್ ತೆಗೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ನೈಟ್ ಲೈಟ್ ಆರಿಸಿ, ನಾನು ಬರುವ ಅರ್ಧ ಗಂಟೆ ಮೊದಲೇ ಮಾನಿಟರ್ ಆನ್ ಮಾಡಿಟ್ಟಿರು. ಬಿಸಿಯಾಗದ ಪರದೆಯನ್ನು ಅಳೆದರೆ ಲೆಕ್ಕ ತಪ್ಪುತ್ತದೆ.