ಲವಂಗದೆಣ್ಣೆಯನ್ನು ಹಿಡಿದಿಡುವ ಮುನ್ನ

ಲವಂಗದೆಣ್ಣೆಯ ಶೀಶೆಗೆ ಮುಚ್ಚಳ ಸರಿಯಾಗಿ ಹಾಕದೆ ಮಲಗಿದರೆ ಬೆಳಗಾಗುವುದರೊಳಗೆ ಕೋಣೆಯೆಲ್ಲ ಘಮ್ಮೆನ್ನುತ್ತದೆ. ನೀನು ಪಿಎಚ್.ಡಿ.ಗೆ ಆರಿಸಿಕೊಂಡ ಕೆಲಸದ ಕಷ್ಟವೆಲ್ಲ ಅಷ್ಟರಲ್ಲೇ ಇದೆ ಮಗಳೇ. ಹಾರಿಹೋಗುವುದೇ ಅದರ ಸ್ವಭಾವ. ಅದನ್ನು ಮಣ್ಣಿಗೆ ಬಿದ್ದರೆ ಕರಗುವಂಥ ಒಂದು ತೆಳ್ಳಗಿನ ಫಿಲ್ಮ್‌ನಲ್ಲಿ ಕೂಡಿಹಾಕಿ, ಬೇಕಾದಾಗ ಬೇಕಾದಷ್ಟೇ ಹೊರಬಿಡಿಸಿ, ಪನೀರು ನಾಲ್ಕು ದಿನ ಹೆಚ್ಚಿಗೆ ಕೆಡದಂತೆ ಮಾಡುತ್ತೇನೆ ಅನ್ನುತ್ತೀಯ. ಒಳ್ಳೆಯ ವಿಷಯ. "ಅಣ್ಣಾ, ಅವಳಿಗೆ ನಾಲ್ಕು ಮಾತು ಹೇಳು" ಎಂದು ನಿಮ್ಮಪ್ಪ ಫೋನ್ ಮಾಡಿದ್ದ. ಎದುರಿಗೆ ಕೂರಿಸಿಕೊಂಡು ಹೇಳಿದರೆ ನೀನು ಮೊಬೈಲ್ ನೋಡುತ್ತಾ ಹೂಂಗುಟ್ಟುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಶೀಶೆಯ ಮೇಲಿನ ಚೀಟಿಯನ್ನು ನಂಬಬೇಡ. ದಾಲ್ಚಿನ್ನಿ ಎಣ್ಣೆ ಎಂದು ಬರೆದಿದ್ದರೆ ಅದು ತೊಗಟೆಯದೋ ಎಲೆಯದೋ? ತೊಗಟೆಯ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಮುಖ್ಯ, ಎಲೆಯದರಲ್ಲಿ ಯೂಜಿನಾಲ್. ಮರ ಒಂದೇ ಆದರೂ ಎರಡು ಬೇರೆ ಎಣ್ಣೆ. ಸಸ್ಯದ ಶಾಸ್ತ್ರೀಯ ಹೆಸರು, ಯಾವ ಭಾಗದಿಂದ ತೆಗೆದದ್ದು, ಗ್ಯಾಸ್ ಕ್ರೊಮಟೋಗ್ರಫಿ ವರದಿ, ಈ ಮೂರೂ ಕೈಗೆ ಬರುವವರೆಗೆ ಶೀಶೆ ಒಡೆಯಬೇಡ. ನಾಳೆ ಫಲಿತಾಂಶ ಏರುಪೇರಾದಾಗ ಕಾರಣ ಹುಡುಕುತ್ತಾ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಫಿಲ್ಮ್ ಮಾಡುವುದು ಕೇಳಲು ಬಲು ಸುಲಭ. ಶೇಕಡ 1ರ ಅಸಿಟಿಕ್ ಆಮ್ಲದಲ್ಲಿ ಕೈಟೊಸಾನ್ ಕರಗಿಸು, ಬಾಗಿದರೆ ಮುರಿಯದಿರಲಿ ಎಂದು ಸ್ವಲ್ಪ ಗ್ಲಿಸರಾಲ್ ಹಾಕು, ಎಣ್ಣೆ ನೀರಿನಲ್ಲಿ ಬೆರೆಯಲು ಟ್ವೀನ್ 80 ಸೇರಿಸು, ಹೋಮೊಜಿನೈಸರ್‌ನಲ್ಲಿ ತಿರುಗಿಸಿ ತಟ್ಟೆಗೆ ಹೊಯ್ದು, 40 ಡಿಗ್ರಿಯ ಓವನ್ನಿನಲ್ಲಿ ರಾತ್ರಿಯಿಡೀ ಒಣಗಿಸು. ಬೆಳಿಗ್ಗೆ ಬಾಗಿಲು ತೆಗೆದಾಗ ಮೂಗಿಗೆ ರಪ್ಪನೆ ಹೊಡೆಯುವ ಲವಂಗದ ವಾಸನೆ ಇದೆಯಲ್ಲ, ಅದು ನಿನ್ನ ಫಿಲ್ಮ್‌ನಿಂದ ಆಗಲೇ ಹೊರಟುಹೋದ ಎಣ್ಣೆ. ಆದರೂ ಎಷ್ಟೋ ಪ್ರಬಂಧಗಳಲ್ಲಿ ಹಾಕಿದ ಎಣ್ಣೆಯ ಪ್ರಮಾಣವನ್ನೇ ಫಿಲ್ಮ್‌ನಲ್ಲಿರುವ ಪ್ರಮಾಣ ಎಂಬಂತೆ ಬರೆದುಬಿಡುತ್ತಾರೆ. ನೀನು ಒಣಗಿದ ಫಿಲ್ಮ್‌ನ ತುಂಡನ್ನು ಮತ್ತೆ ದ್ರಾವಕಕ್ಕೆ ಹಾಕಿ ಉಳಿದದ್ದೆಷ್ಟು ಎಂದು ಅಳೆ. ತಟ್ಟೆಯಿಂದ ಬಿಡಿಸುವಾಗ ಅಂಚಿನಲ್ಲಿ ಉಗುರು ಹಾಕಿ ಮೆಲ್ಲಗೆ ಎತ್ತಿ, ಟ್ಯೂಬ್‌ಲೈಟಿಗೆ ಹಿಡಿದು ನೋಡು. ಮೇಲ್ಮೈಯಲ್ಲಿ ಎಣ್ಣೆಯ ಸಣ್ಣ ಹನಿಗಳು ಮಿನುಗಿದರೆ, ಬೆರಳಿಗೆ ಜಿಡ್ಡು ಹತ್ತಿದರೆ, ನಿನ್ನ ಎಮಲ್ಷನ್ ಒಣಗುವ ಹೊತ್ತಿಗೆ ಒಡೆದಿದೆ ಎಂದರ್ಥ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸರದಿ ಬರುವವರೆಗೆ ಕಾಯಬೇಕಿಲ್ಲ.

ಇಲ್ಲೇ ಇನ್ನೊಂದು ಹೊಂಡವಿದೆ. ಕೈಟೊಸಾನ್ ತಾನೇ ಬ್ಯಾಕ್ಟೀರಿಯಾಕ್ಕೆ ಆಗದ ವಸ್ತು, ಅದರಲ್ಲಿ ಉಳಿದ ಅಸಿಟಿಕ್ ಆಮ್ಲವೂ ಹಾಗೆಯೇ. ಎಣ್ಣೆಯಿಲ್ಲದ, ಉಳಿದೆಲ್ಲ ಇರುವ ಫಿಲ್ಮನ್ನು ಪ್ರತಿ ಸಲವೂ ಪಕ್ಕದಲ್ಲಿಟ್ಟು ನೋಡದಿದ್ದರೆ ಸತ್ತ ಬ್ಯಾಕ್ಟೀರಿಯಾದ ಕೀರ್ತಿಯೆಲ್ಲ ಸುಮ್ಮನೆ ಲವಂಗಕ್ಕೆ ಹೋಗುತ್ತದೆ.

ಎಣ್ಣೆ ಹಾರದಂತೆ ಹಿಡಿಯಲು ಈಗ ನೂರು ಉಪಾಯಗಳಿವೆ: ಲೈಪೊಸೋಮು, ಹ್ಯಾಲೊಯ್ಸೈಟ್ ಜೇಡಿಯ ನಳಿಗೆ, ಮುಸುಕಿನ ಜೋಳದ ಝೀನ್ (zein) ಎಂಬ ಪ್ರೋಟೀನಿನ ಕಣ, ನ್ಯಾನೊ ಎಮಲ್ಷನ್. ಹೆಸರು ಹೊಸದಾದಷ್ಟೂ ಗೈಡುಗಳಿಗೆ ಖುಷಿ. ನನ್ನ ಮನಸ್ಸು ಇನ್ನೂ ಹಳೆಯ ಬೀಟಾ ಸೈಕ್ಲೊಡೆಕ್ಸ್‌ಟ್ರಿನ್ ಕಡೆಗೇ ವಾಲುತ್ತದೆ. ಏಳು ಗ್ಲೂಕೋಸುಗಳು ಕೈಕೈ ಹಿಡಿದು ನಿಂತ ಬಳೆ ಅದು. ಹೊರಮೈ ನೀರಿಗೆ ಒಗ್ಗುತ್ತದೆ, ಒಳಗಿನ ಪೊಳ್ಳು ಎಣ್ಣೆಗೆ ಒಗ್ಗುತ್ತದೆ. ಯೂಜಿನಾಲ್‌ನಂಥ ಅಣು ಆ ಪೊಳ್ಳಿನಲ್ಲಿ ಕೂತರೆ ಒಣ ಹವೆಯಲ್ಲಿ ಅಲ್ಲಾಡುವುದಿಲ್ಲ. ಪೊಟ್ಟಣದೊಳಗೆ ತೇವ ಏರಿದಾಗ ನೀರು ಒಳನುಗ್ಗಿ ಅದನ್ನು ಹೊರದೂಡುತ್ತದೆ. ಆಹಾರ ಕೆಡುವುದೂ ತೇವ ಹೆಚ್ಚಿದಾಗಲೇ ತಾನೇ! ಇಷ್ಟು ಚೆನ್ನಾಗಿ ಹೊಂದಿಬರುವ ಕೀಲಿಯನ್ನು ಬಿಟ್ಟು ಬರೀ ಹೊಸ ಹೆಸರಿನ ಹಿಂದೆ ಹೋಗಬೇಡ. ನಿನಗೆ ಬೇಕಾದದ್ದು ಎಣ್ಣೆಯನ್ನು ಕಟ್ಟಿಹಾಕುವುದಷ್ಟೇ ಅಲ್ಲ, ಸರಿಯಾದ ಹೊತ್ತಿಗೆ ಬಿಡಿಸುವುದು. ಬಿಗಿಯಾಗಿ ಹಿಡಿದು ಕೊನೆಗೂ ಬಿಡದ ಕೋಶದಿಂದ ಪನೀರಿಗೆ ಏನು ಬಂತು?

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಅಗಾರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ನಡುವೆ ಫಿಲ್ಮ್‌ನ ಬಿಲ್ಲೆ ಇಟ್ಟು, ಸುತ್ತ ಬೆಳೆಯದ ವೃತ್ತವನ್ನು ಸ್ಕೇಲ್ ಹಿಡಿದು ಅಳೆಯುತ್ತೀಯಲ್ಲ, ಆ ಮಿಲಿಮೀಟರುಗಳಿಗೆ ಮರುಳಾಗಬೇಡ. ಎಣ್ಣೆ ನೀರಿನಂಶದ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ವೃತ್ತ ಚಿಕ್ಕದಾದ ಮಾತ್ರಕ್ಕೆ ಫಿಲ್ಮ್ ಸೋತಿತು ಎಂದಲ್ಲ, ದೊಡ್ಡದಾದರೆ ಗೆದ್ದಿತು ಎಂದೂ ಅಲ್ಲ. ಒಮ್ಮೆ ತಟ್ಟೆಯನ್ನು ತಲೆಕೆಳಗು ಮಾಡಿ, ಬಿಲ್ಲೆಯನ್ನು ಮುಚ್ಚಳದಲ್ಲಿಟ್ಟು, ಅಗಾರ್‌ಗೆ ತಗಲದಂತೆ ಮುಚ್ಚಿ ನೋಡು. ಮುಟ್ಟದೆಯೇ, ಬರೀ ಆವಿಯಿಂದ ಬೆಳವಣಿಗೆ ತಗ್ಗುವುದು ಕಾಣುತ್ತದೆ. ನಮ್ಮ ಅಜ್ಜಿಯರು ಉಪ್ಪಿನಕಾಯಿ ಭರಣಿಯನ್ನು ಬೋರಲು ಹಾಕಿ ಇಂಗಿನ ಹೊಗೆ ಕೊಡುತ್ತಿದ್ದದ್ದೂ ಆವಿಯನ್ನು ನಂಬಿಯೇ.

ತಟ್ಟೆಯ ಮೇಲೆ ಸ್ಟೆಫೈಲೊಕಾಕಸ್ ಬೇಗ ಸಾಯುತ್ತದೆ. ಈ. ಕೋಲಿಯಂಥ ಗ್ರಾಮ್ ನೆಗೆಟಿವ್ ಜಾತಿಗೆ ಇನ್ನೊಂದು ಹೊರಪೊರೆ ಇರುವುದರಿಂದ ಅದು ಅಷ್ಟು ಬೇಗ ಬಗ್ಗದು. ಫ್ರಿಜ್ಜಿನ ತಂಪಿನಲ್ಲೂ ಬೆಳೆದು ಪನೀರನ್ನು ಜಿಗುಟು ಮಾಡುವ ಸ್ಯೂಡೊಮೋನಾಸ್ ಕೂಡ ಅದೇ ಗುಂಪಿನದು. ನಿನ್ನ ಹೋರಾಟ ಅದರೊಂದಿಗೆ. ಸುಲಭವಾಗಿ ಸಾಯುವುದನ್ನು ಕೊಂದು ಚಿತ್ರ ತೆಗೆದು ಕೂರಬೇಡ. ಜೊತೆಗೆ ಪನೀರಿನಲ್ಲಿ ಕೊಬ್ಬಿದೆ, ಪ್ರೋಟೀನ್ ಇದೆ. ಎಣ್ಣೆ ಹೋಗಿ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ನೀರಿನಂಶದಲ್ಲಿ ಆರಾಮವಾಗಿರುತ್ತದೆ. ಹಾಗಾಗಿ ತಟ್ಟೆಯಲ್ಲಿ ಸಾಕಾದ ಪ್ರಮಾಣ ಆಹಾರದಲ್ಲಿ ಸಾಲುವುದೇ ಇಲ್ಲ. ಸಾಲದೆಂದು ಹೆಚ್ಚಿಸುತ್ತಾ ಹೋದರೆ ಪನೀರು ಹಲ್ಲುನೋವಿನ ಮದ್ದಿನಂತೆ ನಾರುತ್ತದೆ.

ಆದ್ದರಿಂದ ಮೊದಲ ತಿಂಗಳಲ್ಲೇ ಒಂದು ಪನೀರಿನ ತುಂಡಿಗೆ ನಿನ್ನ ಒರಟು, ಅಪೂರ್ಣ ಫಿಲ್ಮನ್ನು ಸುತ್ತಿ ಫ್ರಿಜ್ಜಿನಲ್ಲಿಡು. ಎಲ್ಲ ಪರೀಕ್ಷೆ ಮುಗಿದ ಮೇಲೆ ಕೊನೆಯ ಅಧ್ಯಾಯಕ್ಕೆಂದು ಆಹಾರವನ್ನು ತಂದರೆ ಆಗ ಬದಲಿಸಲು ಸಮಯವೂ ಇರುವುದಿಲ್ಲ, ಫೆಲೋಶಿಪ್ಪೂ ಇರುವುದಿಲ್ಲ. ಯಾವ ಎಣ್ಣೆ ಎಂಬುದನ್ನೂ ಅಡಿಗೆಯೇ ತೀರ್ಮಾನಿಸಲಿ. ಮಸಾಲೆಗೆ ಬೀಳುವ ಪನೀರಿನಲ್ಲಿ ಲವಂಗದ ಸುಳಿವು ಇದ್ದರೆ ಯಾರೂ ಬೇಸರಿಸರು. ಓಮದ ಥೈಮಾಲ್ ಹಾಕಿದರೆ ಕಷಾಯ ಎನ್ನುತ್ತಾರೆ. ರುಚಿ ನೋಡುವವರ ತಂಡ ಕಟ್ಟುವುದು ಹೇಗೆಂದು ನಿಮ್ಮೂರು ಮೈಸೂರಿನ ಸಿ.ಎಫ್.ಟಿ.ಆರ್.ಐ.ಯವರನ್ನು (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಕೇಳು. 1950ರಿಂದ ಚೆಲುವಾಂಬ ಮ್ಯಾನ್ಶನ್‌ನಲ್ಲಿ ಕೂತು ಅವರು ಆಹಾರದ ಕೆಲಸವನ್ನೇ ಮಾಡುತ್ತಿದ್ದಾರೆ. ಸಂಕೋಚ ಬೇಡ.

ಇನ್ನು ಕೈಟೊಸಾನ್ ಬರುವುದು ಹೆಚ್ಚಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ. ಹಸಿರು ಚುಕ್ಕೆ ನೋಡಿ ಪನೀರು ಕೊಳ್ಳುವ ನಿಮ್ಮಮ್ಮನಿಗೆ ಈ ವಿಷಯ ಹೇಳಿ ಮುಖ ನೋಡು. ಸೀಗಡಿ ಅಲರ್ಜಿ ಇರುವವರ ಪ್ರಶ್ನೆಯೂ ಇದೆ. ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟಿನಿಂದಲೂ ಕೈಟೊಸಾನ್ ತೆಗೆಯುತ್ತಾರೆ, ಬೆಲೆ ಜಾಸ್ತಿ. ಇಲ್ಲವಾದರೆ ಮರಗೆಣಸಿನ ಪಿಷ್ಟ, ಪೆಕ್ಟಿನ್ ಇವೆ. ಪಿಷ್ಟದ ಫಿಲ್ಮ್ ತೇವಕ್ಕೆ ಮೆತ್ತಗಾಗುತ್ತದೆ, ಅದಕ್ಕೆ ಬೇರೆ ಉಪಾಯ ಹುಡುಕಬೇಕು. ಈ ಆಯ್ಕೆಯನ್ನು ಈಗಲೇ ಮಾಡು, ಮೂರನೆಯ ವರ್ಷದಲ್ಲಲ್ಲ.

'ಜೈವಿಕವಾಗಿ ಕರಗುತ್ತದೆ' ಎಂದು ಬರೆಯುವಾಗಲೂ ಕೈ ತಡೆದು ಬರೆ. ಪಿ.ಎಲ್.ಎ. ಎಂಬ ಜೈವಿಕ ಪ್ಲಾಸ್ಟಿಕ್ಕಿಗೂ ಆ ಹಣೆಪಟ್ಟಿ ಇದೆ, ಆದರೆ ಅದು ಕರಗಲು ಸುಮಾರು 58 ಡಿಗ್ರಿ ಬಿಸಿಯ ಕಾರ್ಖಾನೆ ಕಾಂಪೋಸ್ಟ್ ಬೇಕು. ಹಿತ್ತಲಿನ ತಿಪ್ಪೆಗೆ ಹಾಕಿದರೆ ವರ್ಷಗಟ್ಟಲೆ ಹಾಗೇ ಇರಬಹುದು. 2022ರ ಜುಲೈ 1ರಂದು ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷೇಧವಾದ ಮೇಲೆ ಈ ಹಣೆಪಟ್ಟಿ ಅಂಗಡಿಗಳಲ್ಲಿ ತುಂಬಿಹೋಗಿದೆ. ನಿನ್ನದರಲ್ಲಿ ಮತ್ತೊಂದು ತೊಡಕು: ಸೂಕ್ಷ್ಮಜೀವಿಗಳನ್ನು ತಡೆಯಲೆಂದೇ ಮಾಡಿದ ಫಿಲ್ಮನ್ನು ಕೊನೆಗೆ ಮಣ್ಣಿನ ಸೂಕ್ಷ್ಮಜೀವಿಗಳೇ ತಿನ್ನಬೇಕು. ಉಳಿದ ಎಣ್ಣೆ ಅವುಗಳ ಬಾಯಿ ಕಟ್ಟುತ್ತದೆಯೋ ಇಲ್ಲವೋ ನೋಡಲೇಬೇಕು. ಸೊಳ್ಳೆಪರದೆಯ ಬಟ್ಟೆಯ ಚಿಕ್ಕ ಚೀಲಗಳಲ್ಲಿ ಹಾಕಿ ಹೂಳು, ಪನೀರಿಗೆ ಸುತ್ತಿ ತೆಗೆದ ಫಿಲ್ಮ್, ಹೊಸ ಫಿಲ್ಮ್, ಎಣ್ಣೆಯಿಲ್ಲದ ಫಿಲ್ಮ್, ಮೂರನ್ನೂ ಅಕ್ಕಪಕ್ಕದಲ್ಲಿ. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಮಾಡು. ತೆಗೆದಾಗ ಮಣ್ಣು ತೊಳೆದು, ಪೂರ್ತಿ ಒಣಗಿಸಿಯೇ ತೂಕ ಹಾಕು.